ಬರ ಎಷ್ಟು ದೂರ ಹಬ್ಬೀತು? ಮೂರು ಮುನ್ಸೂಚನಾ ಸೇವೆಗಳನ್ನು ಬಳಸಿ ನೋಡಿದ ಮೇಲೆ

ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ರೈತ ಉತ್ಪಾದಕರ ಗುಂಪಿನಲ್ಲಿ ಬಿತ್ತನೆ ಬೀಜ ಮತ್ತು ಮೇವಿನ ಖರೀದಿಯ ಹೊಣೆ ನನ್ನದು. ಈ ಹೊಣೆ ಹೊತ್ತವರಿಗೆ ನಾಳೆ ಮಳೆ ಬರುವುದೇ ಎಂಬುದಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಬೇರೆಯೇ ಇದೆ: ಈ ವರ್ಷ ಬರ ಬಿದ್ದರೆ ಅದು ಎಷ್ಟು ತಾಲ್ಲೂಕುಗಳಿಗೆ ಹಬ್ಬುತ್ತದೆ? ನಮ್ಮ ಹೋಬಳಿಗೆ ಮಾತ್ರ ಮಳೆ ತಪ್ಪಿದರೆ ದಾವಣಗೆರೆ, ಹಾವೇರಿ ಕಡೆಯಿಂದ ಮೇವು ತರಿಸಬಹುದು. ಅಲ್ಲಿಯೂ ತಪ್ಪಿದರೆ ಭದ್ರಾ ಅಚ್ಚುಕಟ್ಟಿನ ಭತ್ತದ ಹುಲ್ಲಿಗಾಗಿ ಹಲವು ಜಿಲ್ಲೆಗಳ ಲಾರಿಗಳು ಒಂದೇ ಕಣದ ಮುಂದೆ ಸಾಲು ನಿಲ್ಲುತ್ತವೆ, ಹುಲ್ಲಿನ ಬೆಲೆ ವಾರಕ್ಕೊಮ್ಮೆ ಏರುತ್ತದೆ, ಕೊನೆಗೆ ಹಸುಗಳನ್ನು ಸಂತೆಗೆ ಹೊಡೆಯುವ ದಿನ ಬರುತ್ತದೆ. ಬರದ ತೀವ್ರತೆಯಷ್ಟೇ ಅದರ ಹರವೂ ನಮ್ಮನ್ನು ಕೊಲ್ಲುತ್ತದೆ. ಈ ಹರವನ್ನು ಮುಂಚಿತವಾಗಿ ತಿಳಿಯಲು ಸಾಮಾನ್ಯ ರೈತನಿಗೆ ಹಣ ಕೊಡದೆ ಸಿಗುವ ಮೂರು ಸೇವೆಗಳನ್ನು ನಾನು ಹಲವು ಹಂಗಾಮುಗಳಿಂದ ಬಳಸುತ್ತಿದ್ದೇನೆ. ಭಾರತೀಯ ಹವಾಮಾನ ಇಲಾಖೆಯ ಮುಂಗಾರು ದೀರ್ಘಾವಧಿ ಮುನ್ಸೂಚನೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ, ಮತ್ತು ಗಾಂಧಿನಗರದ ಐಐಟಿ ನಡೆಸುವ ಬರ ನಕ್ಷೆ ಇವು ಆ ಮೂರು. ಇವನ್ನು 2023ರ ಅನುಭವದ ಒರೆಗೆ ಹಚ್ಚಿ ನೋಡುವುದು ಈ ಬರಹದ ಉದ್ದೇಶ. ಆ ವರ್ಷ ಮೂರೂ ಸೇವೆಗಳಿಗೆ ಎದುರಾದಷ್ಟು ಕಠಿಣ ಪರೀಕ್ಷೆ ಇತ್ತೀಚಿನ ವರ್ಷಗಳಲ್ಲಿ ಬಂದಿರಲಿಲ್ಲ.

ಮೊದಲು ಹವಾಮಾನ ಇಲಾಖೆಯ ದೀರ್ಘಾವಧಿ ಮುನ್ಸೂಚನೆ. ಏಪ್ರಿಲ್‌ನಲ್ಲಿ ಮೊದಲ ಅಂದಾಜು, ಮೇ ಕೊನೆಯ ಹೊತ್ತಿಗೆ ಪರಿಷ್ಕೃತ ಅಂದಾಜು, ಆಮೇಲೆ ತಿಂಗಳಿಗೊಂದು ಅಂದಾಜು ಹೊರಬೀಳುತ್ತವೆ. ಇಡೀ ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳಬೇಕಾದ ವಾಡಿಕೆ ಮಳೆ 87 ಸೆಂಟಿಮೀಟರ್. 1971ರಿಂದ 2020ರವರೆಗಿನ ಸರಾಸರಿ ಅದು. ಇದರ ಶೇ. 96ರಿಂದ 104ರ ನಡುವೆ ಬಿದ್ದರೆ ಸಾಮಾನ್ಯ ಮುಂಗಾರು, ಶೇ. 90ಕ್ಕಿಂತ ಕೆಳಗಿಳಿದರೆ ಕೊರತೆಯ ಮುಂಗಾರು. 2023ರ ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು ಶೇ. 96, ಅದಕ್ಕೆ ಶೇ. 5ರಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಷರತ್ತು. ಮರುದಿನ ಸುದ್ದಿಯಾದದ್ದು ‘ಈ ಬಾರಿ ಸಾಮಾನ್ಯ ಮುಂಗಾರು’ ಎಂಬ ಒಂದೇ ಸಾಲು. ಆದರೆ ಅದೇ ಪ್ರಕಟಣೆಯ ಕೆಳಭಾಗದಲ್ಲಿ ಒಂದು ಪುಟ್ಟ ಕೋಷ್ಟಕವಿತ್ತು. ಸಾಮಾನ್ಯ ಮಳೆಯ ಸಾಧ್ಯತೆ ಶೇ. 35, ಸಾಮಾನ್ಯಕ್ಕಿಂತ ಕಡಿಮೆ ಆಗುವ ಸಾಧ್ಯತೆ ಶೇ. 29, ಕೊರತೆಯ ಸಾಧ್ಯತೆ ಶೇ. 22 ಎಂದು ಅದರಲ್ಲಿ ಬರೆದಿತ್ತು. ಕೊನೆಯ ಎರಡನ್ನು ಕೂಡಿಸಿದರೆ ಶೇ. 51. ಅಂದರೆ ಮಳೆ ಸಾಮಾನ್ಯಕ್ಕಿಂತ ಕೆಳಗೆ ಇಳಿಯುವ ಸಾಧ್ಯತೆಯೇ ಅರ್ಧಕ್ಕಿಂತ ಹೆಚ್ಚಿದೆ ಎಂದು ಇಲಾಖೆಯೇ ಹೇಳಿತ್ತು. ಕೊನೆಗೆ ದೇಶಕ್ಕೆ ಬಿದ್ದದ್ದು ಶೇ. 94. ಆದ್ದರಿಂದ ಇಲಾಖೆ ತಪ್ಪು ಹೇಳಿತೆಂದು ನಾನು ಒಪ್ಪುವುದಿಲ್ಲ. ಸತ್ಯ ಕೋಷ್ಟಕದಲ್ಲಿತ್ತು, ನಾವೆಲ್ಲ ಶೀರ್ಷಿಕೆಯನ್ನು ಮಾತ್ರ ಓದಿದೆವು. ಈ ಸೇವೆಯನ್ನು ಬಳಸುವವರಿಗೆ ನನ್ನ ಮೊದಲ ವಿನಂತಿ ಏನೆಂದರೆ, ಒಂಟಿ ಸಂಖ್ಯೆಯನ್ನು ಬದಿಗಿಟ್ಟು ಆ ಐದು ಸಾಲಿನ ಕೋಷ್ಟಕಕ್ಕೆ ನೇರವಾಗಿ ಹೋಗಿ.

ಈ ಸೇವೆಯ ಹಳೆಯ ದಾಖಲೆಯನ್ನೂ ನೋಡಬೇಕು. 2002ರಲ್ಲಿ ಶೇ. 101 ಎಂದಿದ್ದರು, ಬಿದ್ದದ್ದು ಶೇ. 81. 2009ರಲ್ಲಿ ಮೊದಲು ಶೇ. 96, ಜೂನ್‌ನಲ್ಲಿ ಶೇ. 93 ಎಂದರು, ಬಿದ್ದದ್ದು ಶೇ. 78. 2015ರಲ್ಲಿ ಮಾತ್ರ ಏಪ್ರಿಲ್‌ನಲ್ಲಿ ಶೇ. 93, ಜೂನ್‌ನಲ್ಲಿ ಶೇ. 88 ಎಂದು ಇಳಿಸುತ್ತ ಬಂದು ಶೇ. 86ರ ನಿಜ ಅಂಕಿಯ ಬಹಳ ಹತ್ತಿರ ನಿಂತರು. 2021ರಿಂದ ಹಲವು ಮಾದರಿಗಳ ಫಲಿತಾಂಶವನ್ನು ಒಟ್ಟುಗೂಡಿಸುವ ಪದ್ಧತಿ ಬಂದಿದೆ, ಜೊತೆಗೆ ದೇಶದ ಯಾವ ಭಾಗದಲ್ಲಿ ಯಾವ ವರ್ಗದ ಮಳೆಗೆ ಹೆಚ್ಚು ಸಾಧ್ಯತೆ ಎಂಬ ಬಣ್ಣದ ನಕ್ಷೆಯನ್ನೂ ಕೊಡುತ್ತಾರೆ. ಇದು ದೊಡ್ಡ ಸುಧಾರಣೆ, ಇದಕ್ಕಾಗಿ ಇಲಾಖೆಯನ್ನು ಮನಸಾರೆ ಮೆಚ್ಚುತ್ತೇನೆ.

ಆದರೂ ನನ್ನ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಮಳೆಯ ಒಟ್ಟು ಮೊತ್ತ ಒಂದು ಸಂಗತಿ, ಬರ ಆವರಿಸುವ ನೆಲದ ವಿಸ್ತಾರ ಇನ್ನೊಂದು ಸಂಗತಿ. ಹಿಂದೆ ಇಲಾಖೆಯ ವ್ಯಾಖ್ಯಾನದಲ್ಲೇ ಈ ಎರಡೂ ಸೇರಿದ್ದವು: ದೇಶದ ಒಟ್ಟು ಮಳೆ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿ, ಶೇ. 20ರಿಂದ 40ರಷ್ಟು ಪ್ರದೇಶ ಬರಕ್ಕೆ ತುತ್ತಾದರೆ ಅದು ಅಖಿಲ ಭಾರತ ಬರಗಾಲದ ವರ್ಷ, ಶೇ. 40ನ್ನು ಮೀರಿದರೆ ತೀವ್ರ ಬರಗಾಲದ ವರ್ಷ. 2016ರಲ್ಲಿ ಈ ಪದಗಳನ್ನು ಕೈಬಿಟ್ಟು ‘ಕೊರತೆಯ ವರ್ಷ’ ಎಂಬ ಮಾತನ್ನು ತಂದರು. ಬರ ಘೋಷಣೆ ರಾಜ್ಯಗಳ ಕೆಲಸವೆಂಬುದು ನಿಜ, ಬದಲಾವಣೆಗೆ ಅವರದೇ ಕಾರಣಗಳಿದ್ದವು. ಆದರೆ ಆ ಬದಲಾವಣೆಯಿಂದ ವಿಸ್ತಾರದ ಮಾತು ವರ್ಷದ ಹೆಸರಿನಿಂದಲೇ ಜಾರಿಹೋಯಿತೆಂದು ನನಗೆ ಇಂದಿಗೂ ಬೇಸರವಿದೆ.

ವಿಸ್ತಾರ ಎಷ್ಟು ಬೇರೆಯಾಗಿರುತ್ತದೆ ಎಂಬುದಕ್ಕೆ 2023ರ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ದೇಶದ ಲೆಕ್ಕದಲ್ಲಿ ಶೇ. 6ರ ಕೊರತೆ ಸಣ್ಣದು. ರಾಜ್ಯದಲ್ಲಿ ಮುಂಗಾರಿನ ಕೊರತೆ ಸುಮಾರು ಕಾಲುಭಾಗ. ಜೂನ್ ಸೊರಗಿತು, ಜುಲೈನಲ್ಲಿ ವಾಡಿಕೆಗಿಂತ ಹೆಚ್ಚೇ ಸುರಿಯಿತು, ಪುನರ್ವಸು ಮತ್ತು ಪುಷ್ಯ ಮಳೆಗಳನ್ನು ನಂಬಿ ನಮ್ಮ ಕಡೆ ಶೇಂಗಾ ಬಿತ್ತಿದರು. ಆಮೇಲೆ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. ದೇಶದ ಮಟ್ಟದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ, ಕೊರತೆ ಶೇ. 36. ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು, ಅವುಗಳಲ್ಲಿ 161 ತೀವ್ರ ಬರದವು. ಅಕ್ಟೋಬರ್‌ನಲ್ಲಿ ಆ ಸಂಖ್ಯೆ 216 ಆಯಿತು, ನವೆಂಬರ್‌ನಲ್ಲಿ 223. ಇದ್ದ ತಾಲ್ಲೂಕುಗಳೇ 236. ಕೊನೆಗೆ ತೀವ್ರ ಬರದ ಪಟ್ಟಿಯಲ್ಲಿ ನಿಂತವು 196. ಶೇ. 94 ಎಂಬ ಅಂಕಿ ಮೊದಲೇ ಕೈಗೆ ಸಿಕ್ಕಿದ್ದರೂ ಅದರಿಂದ 223 ಎಂಬ ಅಂಕಿಯನ್ನು ಯಾರೂ ಊಹಿಸಲಾಗುತ್ತಿರಲಿಲ್ಲ. ಸ್ಕೈಮೆಟ್ ಎಂಬ ಖಾಸಗಿ ಸಂಸ್ಥೆ ಆ ಏಪ್ರಿಲ್‌ನಲ್ಲಿ ಸರಿಯಾಗಿ ಶೇ. 94 ಎಂದೇ ಹೇಳಿತ್ತು. ಅಷ್ಟು ನಿಖರವಾದ ಸಂಖ್ಯೆಯನ್ನು ಹಿಡಿದುಕೊಂಡಿದ್ದ ರೈತನೂ ಮೇವಿನ ವಿಷಯದಲ್ಲಿ ನಮ್ಮಷ್ಟೇ ಕತ್ತಲೆಯಲ್ಲಿದ್ದ.

ಎರಡನೆಯ ಸೇವೆ ನಮ್ಮದೇ ರಾಜ್ಯದ್ದು. ಯಲಹಂಕದಲ್ಲಿರುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ರಾಜಸ್ಥಾನವನ್ನು ಬಿಟ್ಟರೆ ಬರಕ್ಕೆ ಅತಿ ಹೆಚ್ಚು ತುತ್ತಾಗುವ ನೆಲ ನಮ್ಮದೆಂದು ಹೇಳುತ್ತಾರೆ, ಆದ್ದರಿಂದ ಈ ಸಂಸ್ಥೆ ಇಲ್ಲೇ ಹುಟ್ಟಿದ್ದು ಸಹಜ. ಇವತ್ತು ಇವರ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹರಡಿಕೊಂಡು, ಸೌರಶಕ್ತಿಯಿಂದ ನಡೆಯುತ್ತ, 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ‘ವರುಣ ಮಿತ್ರ’ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಸಾಲು ಹೊಲದ ಬದುವಿನ ಮೇಲೆ ನಿಂತು, ಓದುಬರಹ ಹೆಚ್ಚು ಬಾರದ ಹಿರಿಯರೊಬ್ಬರು ತಮ್ಮ ಊರಿನ ಹೆಸರು ಹೇಳಿ ಮುಂದಿನ ದಿನಗಳ ಮಳೆಯ ವಿಚಾರ ಕೇಳಿ ತಿಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಯಾವ ಬಣ್ಣದ ನಕ್ಷೆಯೂ ಆ ಕೆಲಸ ಮಾಡಲಾರದು.

ಬರದ ಹರವನ್ನು ಅಳೆಯುವುದಕ್ಕೆ ಈ ಕೇಂದ್ರದ ದೈನಿಕ ಮತ್ತು ವಾರದ ವರದಿಗಳೇ ನನಗೆ ಮುಖ್ಯ ಆಧಾರ. ವಾಡಿಕೆಗಿಂತ ಶೇ. 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ, ಶೇ. 60ನ್ನು ದಾಟಿದರೆ ತೀವ್ರ ಕೊರತೆ ಎಂಬ ಲೆಕ್ಕದಲ್ಲಿ ಎಷ್ಟು ಜಿಲ್ಲೆ, ಎಷ್ಟು ತಾಲ್ಲೂಕು, ಎಷ್ಟು ಹೋಬಳಿ ಯಾವ ವರ್ಗದಲ್ಲಿವೆ ಎಂದು ಅದರಲ್ಲಿ ಕಾಣುತ್ತದೆ. ವಾರದಿಂದ ವಾರಕ್ಕೆ ಕೊರತೆಯ ಹೋಬಳಿಗಳ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ, ಬರ ಹೆಜ್ಜೆ ಹಾಕುವುದು ಕಣ್ಣಿಗೆ ಕಾಣುತ್ತದೆ. ಆದರೆ ಇದು ಇಲ್ಲಿಯವರೆಗೆ ಆದದ್ದರ ಲೆಕ್ಕ. ಮುಂದಿನ ನಾಲ್ಕು ವಾರಗಳಲ್ಲಿ ಎಷ್ಟು ಹೋಬಳಿಗಳು ಈ ಪಟ್ಟಿಗೆ ಸೇರಬಹುದು ಎಂಬ ಒಂದು ಸಾಲನ್ನು ಸಾಧ್ಯತೆಯ ಶೇಕಡಾವಾರಿನೊಂದಿಗೆ ಸೇರಿಸಿದರೆ, ಈ ವರದಿಗೆ ಸಾಟಿಯಾದದ್ದು ದೇಶದಲ್ಲೇ ಇರುವುದಿಲ್ಲವೆಂದು ನಾನು ನಂಬಿದ್ದೇನೆ. ಅಳತೆಯ ಜಾಲ ಇದೆ, ದಶಕಗಳ ದಾಖಲೆ ಇದೆ. ಕೊರತೆ ಇರುವುದು ಆ ಒಂದು ಸಾಲಿನದು.

ಮಳೆಯ ಕೊರತೆಯೊಂದೇ ಬರವಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುನ್ಸೂಚನೆಯ ಕಷ್ಟವೂ ಅಲ್ಲೇ ಅಡಗಿದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ ಅಥವಾ ಸತತ ಒಣ ವಾರಗಳು ಕಾಣಬೇಕು, ಆಮೇಲೆ ಬಿತ್ತನೆಯ ಪ್ರಮಾಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ ಇವುಗಳನ್ನು ತೂಗಬೇಕು, ಕೊನೆಗೆ ಶೇ. 10ರಷ್ಟು ಹಳ್ಳಿಗಳ ಹೊಲಗಳಿಗೆ ಹೋಗಿ ಕಣ್ಣಾರೆ ನೋಡಬೇಕು. 2023ರಲ್ಲಿ ‘ಹಸಿರು ಬರ’ ಎಂಬ ಮಾತು ವಿಧಾನಸೌಧದಿಂದ ಹಳ್ಳಿಯ ಕಟ್ಟೆಯವರೆಗೆ ಕೇಳಿಬಂತು. ಜುಲೈ ಮಳೆಗೆ ಹೊಲ ಹಸಿರಾಗಿತ್ತು, ಉಪಗ್ರಹಕ್ಕೆ ಆ ಹಸಿರೇ ಕಂಡಿತು. ಆದರೆ ಶೇಂಗಾ ಹೂವಾಡಿ ಕಾಯಿ ಕಟ್ಟುವ ಹೊತ್ತಿಗೆ ಮಣ್ಣಿನಲ್ಲಿ ತೇವ ಇರಲಿಲ್ಲ, ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಜೊಳ್ಳು. ಬಣ್ಣ ನೋಡಿ ಬರ ಅಳೆಯುವ ಯಾವ ಪದ್ಧತಿಯೂ ಇಂಥ ವರ್ಷದಲ್ಲಿ ಎರಡು ಮೂರು ವಾರ ತಡವಾಗುತ್ತದೆ. ಎರೆ ಭೂಮಿಯಲ್ಲಿ ತೇವ ಇನ್ನಷ್ಟು ದಿನ ನಿಲ್ಲುತ್ತದೆ, ಮಸಾರಿಯಲ್ಲಿ ನಿಲ್ಲುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡೂ ಮಣ್ಣುಗಳಿದ್ದಾಗ ತಾಲ್ಲೂಕಿಗೆ ಒಂದೇ ಬಣ್ಣ ಬಳಿಯುವುದು ಸರಿಯಾಗುವುದಿಲ್ಲ.

ಮೂರನೆಯ ಸೇವೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿದೆ. ಗಾಂಧಿನಗರದ ಐಐಟಿಯ ತಂಡದ ನಕ್ಷೆ ಮಳೆಯ ಜೊತೆಗೆ ಮಣ್ಣಿನ ತೇವವನ್ನೂ ನೀರಿನ ಹರಿವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸುಮಾರು ಐದು ಕಿಲೋಮೀಟರಿನ ಚೌಕಗಳಲ್ಲಿ ದೇಶದ ಒಣಗಿದ ಭಾಗಗಳನ್ನು ಹಳದಿಯಿಂದ ಕಡುಗೆಂಪಿನವರೆಗೆ ತೋರಿಸುತ್ತದೆ. 2019ರ ಬೇಸಿಗೆಯ ಆರಂಭದಲ್ಲಿ ದೇಶದ ಸುಮಾರು ಶೇ. 42ರಷ್ಟು ನೆಲ ಬರದಲ್ಲಿದೆ ಎಂದು ಸುದ್ದಿಯಾದದ್ದು ಇದೇ ತಂಡದ ವ್ಯವಸ್ಥೆಯ ಅಂಕಿಯಿಂದ. ಆ ಅಂಕಿ ನನಗೆ ಒಂದು ಪಾಠ ಕಲಿಸಿತು. ಶೇ. 42ರಲ್ಲಿ ಬರೀ ‘ಅಸಹಜ ಒಣ’ ಎಂಬ ಅತಿ ಹಗುರ ವರ್ಗವೂ ಸೇರಿತ್ತು. ಅತ್ಯಂತ ತೀವ್ರ ವರ್ಗದ ಪಾಲು ಸುಮಾರು ಶೇ. 6 ಮಾತ್ರ. ಬರದ ವಿಸ್ತಾರದ ಯಾವ ಸಂಖ್ಯೆ ಕಿವಿಗೆ ಬಿದ್ದರೂ ಮೊದಲು ಕೇಳಬೇಕಾದದ್ದು, ಯಾವ ವರ್ಗದಿಂದ ಮೇಲಿನದನ್ನು ಎಣಿಸಿದ್ದಾರೆ ಎಂಬುದನ್ನು. ಜೊತೆಗೆ ಮಾರ್ಚ್ ತಿಂಗಳಲ್ಲಿ ನಮ್ಮ ನೆಲಕ್ಕೆ ವಾಡಿಕೆಯ ಮಳೆಯೇ ಅಷ್ಟಕ್ಕಷ್ಟೆ, ಆಗ ಕಾಣುವ ಕೆಂಪಿಗೂ ಆಗಸ್ಟ್‌ನಲ್ಲಿ ಕಾಣುವ ಕೆಂಪಿಗೂ ಬೆಳೆಯ ಲೆಕ್ಕದಲ್ಲಿ ಅಜಗಜಾಂತರ. ಈ ನಕ್ಷೆಯಲ್ಲಿ ಕನ್ನಡದ ವಿವರಣೆ ಸೇರಿದರೆ ಹಳ್ಳಿಯ ಕೃಷಿ ಸಖಿಯರೂ ಬಳಸಬಲ್ಲರು.

ಇನ್ನು ಹರವಿನ ಮುನ್ಸೂಚನೆ ಸಾಧ್ಯವೇ ಇಲ್ಲ ಎನ್ನುವವರಿಗೆ ಒಂದು ಮಾತು. ಆಗಸ್ಟ್ ಕೊನೆಯಲ್ಲಿ ನಿಂತು ಸೆಪ್ಟೆಂಬರ್ ಕೊನೆಯ ಸ್ಥಿತಿಯನ್ನು ಹೇಳಬೇಕೆಂದುಕೊಳ್ಳಿ. ಮೂರು ತಿಂಗಳ ಮಳೆಯ ಸೂಚ್ಯಂಕದಲ್ಲಿ ಎರಡು ತಿಂಗಳ ಮಳೆ ಆಗಲೇ ಅಳತೆಯಾಗಿ ಕೈಯಲ್ಲಿದೆ, ಊಹಿಸಬೇಕಾದದ್ದು ಒಂದು ತಿಂಗಳದು ಮಾತ್ರ. 1993ರಲ್ಲಿ ಅಮೆರಿಕದ ಕೊಲೊರಾಡೋದ ಮೂವರು ವಿಜ್ಞಾನಿಗಳು ರೂಪಿಸಿದ ಎಸ್‌ಪಿಐ ಎಂಬ ಈ ಸೂಚ್ಯಂಕದಲ್ಲಿ ಸೊನ್ನೆ ಎಂದರೆ ವಾಡಿಕೆಯ ಮಳೆ, ಅದರಿಂದ ಕೆಳಗೆ ಒಂದೂವರೆ ದಾಟಿದರೆ ತೀವ್ರ ಬರ. ಇವತ್ತಿನ ಮಣ್ಣಿನ ತೇವವನ್ನು ಆರಂಭವಾಗಿಟ್ಟುಕೊಂಡು, ಹಿಂದಿನ 30 ವರ್ಷಗಳ ಸೆಪ್ಟೆಂಬರ್ ಮಳೆಗಳನ್ನು ಒಂದೊಂದಾಗಿ ಅದರ ಮೇಲೆ ಸುರಿಸಿ ಲೆಕ್ಕ ಹಾಕಬಹುದು. ಅವುಗಳಲ್ಲಿ 24 ವರ್ಷಗಳ ಮಳೆಯೂ ಒಂದು ತಾಲ್ಲೂಕಿನ ಒಣಗಿದ ಮಣ್ಣನ್ನು ಮೇಲೆತ್ತಲು ಸಾಲದೆ ಹೋದರೆ, ಅಲ್ಲಿ ಬರ ಮುಂದುವರಿಯುವ ಸಾಧ್ಯತೆ ನೂರಕ್ಕೆ 80. ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ನಾಲ್ಕು ವಾರಗಳ ಮುನ್ಸೂಚನೆಯನ್ನು ಇದಕ್ಕೆ ಹೊಂದಿಸಿದರೆ ಅಂದಾಜು ಇನ್ನಷ್ಟು ಬಿಗಿಯಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಮರೆತರೆ ಲೆಕ್ಕವೆಲ್ಲ ಹಾಳು. ತಾಲ್ಲೂಕುಗಳು ಬಿಡಿಬಿಡಿಯಾಗಿ ಒಣಗುವುದಿಲ್ಲ. ಮುಂಗಾರಿನ ಗಾಳಿ ದುರ್ಬಲವಾದಾಗ ಇಡೀ ಒಳನಾಡು ಒಟ್ಟಿಗೆ ಸೊರಗುತ್ತದೆ, ಬಂಗಾಳ ಕೊಲ್ಲಿಯ ಒಂದು ವಾಯುಭಾರ ಕುಸಿತ ಬಂದರೆ ಒಟ್ಟಿಗೆ ನೆನೆಯುತ್ತದೆ. ನೂರು ತಾಲ್ಲೂಕುಗಳಿಗೆ ತಲಾ ಅರ್ಧದಷ್ಟು ಸಾಧ್ಯತೆ ಇದೆ ಎಂದರೆ ಐವತ್ತು ತಾಲ್ಲೂಕುಗಳಲ್ಲಿ ಬರ ಬರುತ್ತದೆ ಎಂದು ಮೇವಿನ ಲೆಕ್ಕ ಹಾಕಿದವರು ಮೋಸ ಹೋಗುತ್ತಾರೆ. ನಿಜದಲ್ಲಿ ಇಪ್ಪತ್ತಕ್ಕೇ ನಿಲ್ಲಬಹುದು, ಇಲ್ಲವೇ ತೊಂಬತ್ತಕ್ಕೆ ಹೋಗಬಹುದು. ಐವತ್ತರ ಹತ್ತಿರ ನಿಲ್ಲುವುದೇ ಅಪರೂಪ. ಸರ್ಕಾರ ಗೋಶಾಲೆ, ಮೇವು ಬ್ಯಾಂಕು, ಟ್ಯಾಂಕರ್‌ಗಳಿಗೆ ಸಿದ್ಧವಾಗಬೇಕಾದದ್ದು ಆ ತೊಂಬತ್ತಕ್ಕೆ. ಆದ್ದರಿಂದ ನಮಗೆ ಬೇಕಾಗಿರುವುದು ಒಂದು ಸರಾಸರಿ ಸಂಖ್ಯೆಗಿಂತ ಹೆಚ್ಚಾಗಿ, ‘ಹತ್ತರಲ್ಲಿ ಒಂದು ಸಲ ಬರ ಇಷ್ಟು ತಾಲ್ಲೂಕುಗಳಿಗೂ ಹಬ್ಬೀತು’ ಎಂಬ ಎಚ್ಚರಿಕೆ.

ಅಮೆರಿಕದಲ್ಲಿ ಇದರ ಹತ್ತಿರದ ಸೇವೆಯೊಂದಿದೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಬರ ಕೇಂದ್ರ ಅಲ್ಲಿನ ಕೃಷಿ ಮತ್ತು ಹವಾಮಾನ ಇಲಾಖೆಗಳ ಜೊತೆಗೂಡಿ ಪ್ರತಿ ಗುರುವಾರ ಬರ ನಕ್ಷೆ ಹೊರತರುತ್ತದೆ, ಯಾವ ವರ್ಗದಲ್ಲಿ ಶೇಕಡ ಎಷ್ಟು ನೆಲ ಎಂದು ಅದರೊಂದಿಗೇ ಹೇಳುತ್ತದೆ. ಅದರ ಮೇಲೆ ಹವಾಮಾನ ಇಲಾಖೆ ತಿಂಗಳಿಗೊಮ್ಮೆ ಋತುವಿನ ಮುನ್ನೋಟ ಕೊಡುತ್ತದೆ: ಎಲ್ಲಿ ಬರ ಉಳಿಯುತ್ತದೆ, ಎಲ್ಲಿ ತಗ್ಗುತ್ತದೆ, ಎಲ್ಲಿ ತೊಲಗುತ್ತದೆ, ಎಲ್ಲಿ ಹೊಸದಾಗಿ ಹುಟ್ಟುತ್ತದೆ ಎಂದು ನಾಲ್ಕೇ ಬಣ್ಣಗಳಲ್ಲಿ. ರೈತನಿಗೆ ಅರ್ಥವಾಗುವ ಭಾಷೆ ಇದು. ಆದರೂ 2012ರಲ್ಲಿ ಅಲ್ಲಿನ ಬಯಲು ಸೀಮೆಯನ್ನು ಕೆಲವೇ ವಾರಗಳಲ್ಲಿ ಸುಟ್ಟ ಬರವನ್ನು ಈ ಮುನ್ನೋಟ ಕಾಣಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ದೇಶದ ಮುಖ್ಯ ಭೂಭಾಗದ ಸುಮಾರು ಶೇ. 65 ಬರದಲ್ಲಿತ್ತು. ಇರುವ ಬರ ಉಳಿಯುತ್ತದೆ ಎಂದು ಹೇಳುವುದು ಸುಲಭ, ಹೊಸದಾಗಿ ಹುಟ್ಟುವುದನ್ನು ಹೇಳುವುದು ಎಲ್ಲರಿಗೂ ಕಷ್ಟ. ನಮ್ಮ ಸೇವೆಗಳನ್ನು ತೂಗುವಾಗ ಈ ನ್ಯಾಯವನ್ನು ಪಾಲಿಸಬೇಕು.

ಹಣ ಕೊಟ್ಟು ಕೊಂಡ ಒಂದು ಸೇವೆಯ ಬಗ್ಗೆಯೂ ಹೇಳಬೇಕಾಗಿದೆ, ಹೆಸರು ಬೇಡ. 2023ರ ಜುಲೈ ಕೊನೆಯ ವಾರದಲ್ಲಿ ನಮ್ಮ ಗುಂಪು ಚಂದಾ ಕಟ್ಟಿದ್ದ ಒಂದು ಮೊಬೈಲ್ ಆ್ಯಪ್ ನಮ್ಮ ತಾಲ್ಲೂಕಿನ ಮೇಲೆ ಹಸಿರು ಚುಕ್ಕೆ ಇಟ್ಟು, ಬರದ ಅಪಾಯವಿಲ್ಲ ಎಂದು ಸಂದೇಶ ಕಳಿಸಿತು. ಸಾಧ್ಯತೆ ಎಷ್ಟು, ಎಷ್ಟು ದಿನಗಳಿಗೆ, ಯಾವ ಆಧಾರದ ಮೇಲೆ ಎಂಬ ಒಂದು ಮಾತೂ ಇರಲಿಲ್ಲ. ಅದೇ ಜುಲೈ 31ರಂದು ಹವಾಮಾನ ಇಲಾಖೆ, ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಕಡಿಮೆ ಇರಲಿದೆ ಎಂದು ಎಚ್ಚರಿಸಿತ್ತು. ನಾವು ಚುಕ್ಕೆಯನ್ನು ನಂಬಿ ಮೇವಿನ ಖರೀದಿಯನ್ನು ಮುಂದಕ್ಕೆ ಹಾಕಿದೆವು. ಸೆಪ್ಟೆಂಬರ್‌ನಲ್ಲಿ ಅದೇ ಹುಲ್ಲಿಗೆ ದುಪ್ಪಟ್ಟು ಕೊಟ್ಟೆವು, ಎರಡು ಮನೆಗಳವರು ಜಾನುವಾರು ಮಾರಿದರು. ಆ ಎರಡು ಕೊಟ್ಟಿಗೆಗಳು ಇನ್ನೂ ಖಾಲಿ ಇವೆ. ಸಾಧ್ಯತೆಯ ಪ್ರಮಾಣವನ್ನು ಹೇಳದ ಮುನ್ಸೂಚನೆಗೆ ನಾನು ಇನ್ನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಈಗ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಜುಲೈ ಕೊನೆಯ ದಿನ ಸಂಜೆ ಸೇರುವ ರೂಢಿ ಮಾಡಿಕೊಂಡಿದ್ದೇವೆ. ಉಸ್ತುವಾರಿ ಕೇಂದ್ರದ ವರದಿಯಿಂದ ನಮ್ಮ ಜಿಲ್ಲೆಯ ಜೊತೆಗೆ ದಾವಣಗೆರೆ, ಹಾವೇರಿ, ತುಮಕೂರು, ಬಳ್ಳಾರಿಗಳ ಕೊರತೆಯ ಹೋಬಳಿಗಳನ್ನು ಎಣಿಸುತ್ತೇವೆ, ಏಕೆಂದರೆ ಮೇವು ಬರಬೇಕಾದದ್ದು ಅಲ್ಲಿಂದ. ಐಐಟಿಯ ನಕ್ಷೆಯಲ್ಲಿ ಅದೇ ಜಿಲ್ಲೆಗಳ ಮಣ್ಣಿನ ತೇವ ನೋಡುತ್ತೇವೆ. ಹವಾಮಾನ ಇಲಾಖೆಯ ಆಗಸ್ಟ್ ಅಂದಾಜನ್ನೂ ಆ ವಾರದ ಗುರುವಾರದ ಮುನ್ಸೂಚನೆಯನ್ನೂ ಪಕ್ಕದಲ್ಲಿಡುತ್ತೇವೆ. ಮೂರರಲ್ಲಿ ಎರಡು ಒಣಗುವತ್ತ ಬೊಟ್ಟು ಮಾಡಿದರೆ, ನಮ್ಮ ಹೊಲ ಅಂದು ಎಷ್ಟೇ ಹಸಿರಾಗಿದ್ದರೂ, ಮರುದಿನವೇ ಭದ್ರಾ ಅಚ್ಚುಕಟ್ಟಿನ ರೈತರಿಗೆ ಹುಲ್ಲಿನ ಮುಂಗಡ ಕೊಟ್ಟು ಬರುತ್ತೇವೆ, ಬೋರ್‌ವೆಲ್ ಇರುವವರ ಹೊಲದಲ್ಲಿ ಅರ್ಧ ಎಕರೆಯಾದರೂ ಮೇವಿನ ಜೋಳ ಹಾಕಿಸುತ್ತೇವೆ.